ರೊಟ್ಟಿ ದಪ್ಪವಾದ ವರ್ಷ

ನಮ್ಮ ಅಪ್ಪನಿಗೆ ಸರಕಾರದ ಹಂಗೆಂದರೆ ಆಗುತ್ತಿರಲಿಲ್ಲ. ಈ ಮಾತನ್ನು ಅವರು ಪುಣೆಯ ಸರಕಾರಿ ಕ್ವಾರ್ಟರ್ಸಿನ ವರಾಂಡದಲ್ಲಿ ಕೂತು, ಕಚೇರಿಯ ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಸಿಕ್ಕ ಚಹಾಪುಡಿಯ ಚಹಾ ಕುಡಿಯುತ್ತ ಹೇಳುತ್ತಿದ್ದರು. ಕೇಂದ್ರ ಸರಕಾರದ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಅವರು ಗುಮಾಸ್ತರು. ಹರೆಯದಲ್ಲಿ ವಿಜಾಪುರದ ಕಡೆಯಿಂದ ಬಂದು, ಮೇಜಿನಿಂದ ಮೇಜಿಗೆ ಸರಿಯುತ್ತ, ಕೊನೆಗೆ ಕಿಟಕಿಯ ಪಕ್ಕದ ಮೇಜಿಗೆ ತಲುಪಿದವರು. “ನಾ ಯಾರ ಮುಂದೂ ಕೈ ಚಾಚಿದವನಲ್ಲ” ಎನ್ನುವುದು ಅವರ ಭಾನುವಾರದ ಮಾತು. ಉಳಿದ ದಿನ ಅದನ್ನು ಹೇಳಲು ಪುರುಸೊತ್ತಿರುತ್ತಿರಲಿಲ್ಲ.

ಅದನ್ನು ಅವರು ನಿಜವಾಗಿ ಪಾಲಿಸುತ್ತಿದ್ದರು ಎಂಬುದನ್ನೂ ಒಪ್ಪಬೇಕು. ಅಂಗಿಯ ಗುಂಡಿ ತಾವೇ ಹಚ್ಚಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಪೇಪರು ಕೇಳಿ ಓದಿದವರಲ್ಲ, ಸಹೋದ್ಯೋಗಿಯ ಸ್ಕೂಟರಿನ ಹಿಂದೆ ಕೂತವರಲ್ಲ. ಕೊಡೆಯ ಕಡ್ಡಿ ಮುರಿದಾಗ ತಾವೇ ತಂತಿ ಸುತ್ತಿ ರಿಪೇರಿ ಮಾಡಿದರು. ಆ ಕೊಡೆ ಅಲ್ಲಿಂದ ಮುಂದೆ ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ. ಮುಚ್ಚಬೇಕಾದರೆ ಮನೆಗೆ ಬಂದು, ನೆಲಕ್ಕೆ ಕೂತು, ಇಕ್ಕಳ ಹಿಡಿದು ಸ್ವಲ್ಪ ಹೊತ್ತು ಒದ್ದಾಡಬೇಕಿತ್ತು. ಆದರೆ ಬಚ್ಚಲಿನ ನಲ್ಲಿ ತೊಟ್ಟಿಕ್ಕತೊಡಗಿದರೆ ಮಾತ್ರ ಅವರು ಅದರ ವಾಷರಿಗೆ ಕೈ ಹಚ್ಚುತ್ತಿರಲಿಲ್ಲ. ಅದು ಸರಕಾರದ ನಲ್ಲಿ. ಸರಕಾರದ ಪ್ಲಂಬರನೇ ಬರಬೇಕು.

“ನಿಮ್ಮಪ್ಪ ಭಾಳ ಸ್ವಾವಲಂಬಿ,” ಎನ್ನುತ್ತಿದ್ದಳು ಅವ್ವ, ನಲ್ಲಿಯ ಕೆಳಗೆ ಬಕೆಟ್ ಸರಿಸುತ್ತ. “ಸರಕಾರ ಬಂದು ನಲ್ಲಿ ತಿರುವಿದ ಮ್ಯಾಲೇ ಜಳಕಾ ಮಾಡ್ತಾರ.”

ಇದನ್ನೆಲ್ಲ ಬರೆಯುವಾಗ ನನಗೆ ನನ್ನ ಮೇಲೆ ಪೂರ್ತಿ ನಂಬಿಕೆಯಿಲ್ಲ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ದಿನವೂ ಡೈರಿ ಬರೆಯುತ್ತಿದ್ದೆ. ಈಗ ತೆಗೆದು ನೋಡಿದರೆ ಅದರ ತುಂಬ ನನ್ನ ಅಭಿಪ್ರಾಯಗಳೇ. ಯಾರು ಏನು ಹೇಳಿದರು, ಮಳೆ ಬಂತೋ ಬಿಸಿಲಿತ್ತೋ ಎಂಬುದು ಇಲ್ಲ. ಈಗ ನಾನು ಹೇಳಹೊರಟ ದಿನದ ಪುಟದಲ್ಲಂತೂ ಇರುವುದು ಇಷ್ಟೇ: “ಅತ್ತಿಯ ಮನೆಗೆ ತಲಾಠಿ. ರೊಟ್ಟಿ.” ಉಳಿದದ್ದನ್ನು ಅವ್ವನನ್ನು ಕೇಳಿ, ಅತ್ತಿಯನ್ನು ಕೇಳಿ, ಅವರಿಬ್ಬರೂ ಒಪ್ಪದ ಕಡೆ ನನ್ನ ನೆನಪನ್ನು ತೂರಿಸಿ ಕಟ್ಟಿದ್ದೇನೆ. ಎಲ್ಲಿ ಕಥೆ ಬಹಳ ಚೆನ್ನಾಗಿದೆಯೋ ಅಲ್ಲಿ ನನ್ನ ಕೈವಾಡವನ್ನು ಶಂಕಿಸಬಹುದು.

ಅತ್ತಿ ಎಂದರೆ ಅಪ್ಪನ ಒಬ್ಬಳೇ ತಂಗಿ. ಅವಳ ಗಂಡ ಪುಣೆಯ ಹೊರವಲಯದ ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದರು. ಮಕ್ಕಳಿರಲಿಲ್ಲ. ಅವರು ತೀರಿಕೊಂಡಾಗ ಅಪ್ಪ ಹೋಗಿ ಅವಳ ಟ್ರಂಕು ಎತ್ತಿ ರಿಕ್ಷಾದಲ್ಲಿ ಇಟ್ಟರಂತೆ. ಅತ್ತಿ ಅದನ್ನು ಇಳಿಸಿಕೊಂಡು ಮತ್ತೆ ತನ್ನ ಖೋಲಿಗೆ ಒಯ್ದಳಂತೆ. ಚಾಳಿನ ಆ ಒಂದೇ ಖೋಲಿಯಲ್ಲಿ ಅವಳು ರೊಟ್ಟಿ ಬಡಿಯತೊಡಗಿದಳು. ಕಲಬುರ್ಗಿ, ವಿಜಾಪುರ ಕಡೆಯಿಂದ ಬಂದು ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಗಂಡಸರಿಗೆ ಪುಣೆಯ ಚಪಾತಿ ಹೊಟ್ಟೆಗೆ ಹತ್ತುತ್ತಿರಲಿಲ್ಲ. ಅವರ ಡಬ್ಬಿಗಳಿಗೆಲ್ಲ ಅತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ. ವಾರಕ್ಕೊಮ್ಮೆ ನಮ್ಮ ಮನೆಗೂ ಒಂದು ಕಟ್ಟು ಬರುತ್ತಿತ್ತು. ಅಪ್ಪ ಅದನ್ನು ಕಚೇರಿಗೆ ಒಯ್ದು, ಡಬ್ಬಿ ತೆರೆದು, ಒಂದು ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮರಾಠಿ ಸಹೋದ್ಯೋಗಿಗಳಿಗೆ ತೋರಿಸುತ್ತಿದ್ದರಂತೆ: ನೋಡಿ, ಆಚೆಗಿನ ಮರ ಕಾಣುತ್ತದೆ.

ಮರ ಕಾಣುತ್ತಿತ್ತೋ ಇಲ್ಲವೋ, ಬೆಳಕಂತೂ ಕಾಣುತ್ತಿತ್ತು. ನಮ್ಮ ಕಡೆಯ ಹೆಂಗಸಿನ ಮರ್ಯಾದೆ ಇರುವುದು ರೊಟ್ಟಿ ಎಷ್ಟು ತೆಳ್ಳಗೆ ಎಂಬುದರಲ್ಲಿ. ಸೊಸೆಯ ಬಣ್ಣ, ಓದು, ತವರಿನವರು ಕೊಟ್ಟದ್ದು ಎಲ್ಲ ಒಂದು ಕಡೆ. ಅತ್ತೆಯಾದವಳು ಮೊದಲ ದಿನ ಅವಳ ರೊಟ್ಟಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರೆ ಅಲ್ಲಿಗೆ ತೀರ್ಪು ಮುಗಿಯಿತು.

ಒಂದು ಬೇಸಿಗೆ ಕಳೆಯುವ ಹೊತ್ತಿಗೆ ಅತ್ತಿ ನನ್ನನ್ನು ಕರೆಸಿದಳು. ನಾನಾಗ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ನನ್ನ ಪ್ರಬಂಧದ ವಿಷಯವೇ ‘ಸರಕಾರದ ನೆರವು ಮನುಷ್ಯನ ಸ್ವಾವಲಂಬನೆಯನ್ನು ಕುಗ್ಗಿಸುತ್ತದೆಯೇ’ ಎಂಬುದು. ಮೊದಲ ಅರ್ಧದಲ್ಲಿ ಕುಗ್ಗಿಸುತ್ತದೆ ಎಂದೂ ಎರಡನೆಯ ಅರ್ಧದಲ್ಲಿ ಇಲ್ಲ ಎಂದೂ ಬರೆದು, ಮುಕ್ತಾಯ ಬರೆಯಲಾಗದೆ ಕೂತಿದ್ದೆ.

“ನೀ ಸರಕಾರದ ಮ್ಯಾಲೆ ಏನೋ ಬರೀಲಿಕ್ಹತ್ತೀಯಂತಲ್ಲವ್ವಾ,” ಎಂದಳು ಅತ್ತಿ. “ಸರಕಾರಕ್ಕೂ ಒಂದು ಬರದು ಕೊಡು.”

ಚಾಳಿನ ಪಕ್ಕದ ಖೋಲಿಯಲ್ಲಿ ಒಬ್ಬ ಮರಾಠಿ ಮುದುಕಿ ಇದ್ದಳು. ಎಲ್ಲರಿಗೂ ಅವಳು ಮಾವಶಿ. ಗಂಡ, ಮಕ್ಕಳು ಇಲ್ಲದ ಬಡ ಹೆಂಗಸರಿಗೆ ಸರಕಾರ ತಿಂಗಳಿಗಿಷ್ಟು ಎಂದು ಕೊಡುವ ಪೆನ್ಷನ್ ಅವಳಿಗೆ ಬರುತ್ತಿತ್ತು. ಅದು ತನಗೂ ಬೇಕೆಂದು ಅತ್ತಿಗೆ ಮನಸ್ಸಾಗಿತ್ತು. ಯಾಕೆ ಎಂದು ನಾನು ಕೇಳಿದೆ. “ವಯಸ್ಸಾತು,” ಎಂದಳು ಅಷ್ಟೇ. ಆ ತಿಂಗಳುಗಳಲ್ಲಿ ಅವಳು ಡಬ್ಬಿಗಳನ್ನು ಒಂದೊಂದಾಗಿ ಬಿಡುತ್ತಿದ್ದಳು. ಯಾರಾದರೂ ಕೇಳಿದರೆ ಜೋಳ ಸರಿಯಿಲ್ಲ ಎನ್ನುತ್ತಿದ್ದಳು. ಖೋಲಿಯ ಬಾಡಿಗೆ ಕಟ್ಟಲಾಗದ ದಿನ ಬಂದರೆ ಮುಂದಿನ ಜಾಗ ನಮ್ಮ ಕ್ವಾರ್ಟರ್ಸಿನ ಹಿಂದಿನ ಕೋಣೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಬಾರದೆಂದೇ ಈ ಅರ್ಜಿ.

ಅರ್ಜಿಯಲ್ಲಿ ಒಂದು ಸಾಲು ಇತ್ತು: ಅರ್ಜಿದಾರಳು ನಿರಾಧಾರಳು. ಮರಾಠಿಯಲ್ಲೂ ಅದೇ ಶಬ್ದ, ಕನ್ನಡದಲ್ಲೂ ಅದೇ. ಅಪ್ಪನಿಗೆ ತೋರಿಸಬೇಡ ಎಂದು ಅತ್ತಿ ನನಗೆ ಹೇಳಿದ್ದಳು. ನಾನು ವ್ಯಾಕರಣ ನೋಡಿಕೊಡಲಿ ಎಂದು ತೋರಿಸಿದೆ. ಆ ಭಾನುವಾರ ಅತ್ತಿ ಊಟಕ್ಕೆ ಬರುವ ತನಕ ಅಪ್ಪ ಆ ಹಾಳೆಯನ್ನು ಹಿಡಿದು ವರಾಂಡದಲ್ಲಿ ಅತ್ತಿತ್ತ ನಡೆದರು.

“ನಿರಾಧಾರ!” ಎಂದರು, ಅವಳು ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ. “ನಾ ಸತ್ತೀನೇನು?”

“ನೀವು ಸತ್ತಿದ್ರ ಈ ಅರ್ಜಿ ನಾ ಹಾಕ್ತಿದ್ದೆ,” ಎಂದಳು ಅವ್ವ ಅಡುಗೆಮನೆಯಿಂದ. “ನಿಮ್ಮ ತಂಗಿ ಅಲ್ಲ.”

“ಅಣ್ಣ ಇದ್ದೂ ಸರಕಾರದ ಬಾಗಲಾ ಬಡದ್ಲು ಅಂತ ಊರಾಗ ಗೊತ್ತಾದ್ರ ಏನಂತಾರ?”

“ಊರಾಗ ಯಾರದಾರ ಈಗ?” ಎಂದಳು ಅತ್ತಿ. “ಅರ್ಧ ಊರು ಭೋಸರ್ಯಾಗ ಅದ. ಅವರಿಗೆಲ್ಲ ನಾನ ರೊಟ್ಟಿ ಹಾಕ್ತೀನಿ. ಅನ್ಲಿ ನೋಡೂಣು.”

“ಇಲ್ಲೇ ಬಂದಿರು. ಹಿಂದಿನ ಖೋಲಿ ಖಾಲಿ ಅದ.”

“ಬಂದಿರ್ತೀನಿ ಅನ್ನು. ಚಹಾಕ್ಕ ಸಕ್ಕರಿ ಕಡಿಮಿ ಬಿದ್ರ ಯಾರಿಗೆ ಹೇಳ್ಲಿ? ವೈನಿಗೆ ಹೇಳಿದ್ರ ವೈನಿಗೆ ಸಿಟ್ಟು, ನಿನಗ ಹೇಳಿದ್ರ ನಿನಗ ಸಿಟ್ಟು. ನನ್ನ ಖೋಲ್ಯಾಗ ನಾನ ಹಾಕ್ಕೊಂಡು ಕುಡೀತೀನಿ.”

“ನನಗ್ಯಾಕ ಸಿಟ್ಟು ಬರ್ತದ?” ಎಂದಳು ಅವ್ವ. ಆ ದನಿಯಲ್ಲೇ ಸ್ವಲ್ಪ ಬಂದಿತ್ತು.

“ಹಂಗಾರ ತಿಂಗಳಾ ನಾ ಕೊಡ್ತೀನಿ. ಸರಕಾರ ಯಾಕ?”

ಅತ್ತಿ ಕೂತು ಕಾಲು ನೀಡಿದಳು. “ನೀ ಕೊಟ್ರ ನಿನ್ನ ಮಾರಿ ನೋಡಬೇಕಾಗ್ತದಣ್ಣಾ. ಇವತ್ತ ಹ್ಯಾಂಗ ಅದಾನೋ, ನಕ್ಕೊಂತ ಕೊಟ್ನೋ, ಮಾರಿ ಗಂಟ ಹಾಕ್ಕೊಂಡು ಕೊಟ್ನೋ ಅಂತ. ಸರಕಾರಕ್ಕ ಮಾರೀನ ಇಲ್ಲ. ತಗೊಳ್ಳೂದು ಸಸಾರ.”

“ಅದು ಭಿಕ್ಷಾ.”

“ಮತ್ತ ನಿನ್ನ ಪಗಾರ?”

“ನಾ ಕೆಲಸಾ ಮಾಡ್ತೀನಿ!”

ಅಡುಗೆಮನೆಯಿಂದ ಅವ್ವ ಕೆಮ್ಮಿದಳು.

“ನಾ ಏನ್ ಇಷ್ಟು ವರ್ಷ ಜೋಕಾಲಿ ಆಡೀನೇನು? ಕಾರ್ಖಾನಿ ಮಂದಿ ಹೊಟ್ಟಿಗೆ ಹಾಕೀನಿ. ಅವರು ಮಾಡಿದ ಸಾಮಾನಿನ ಮ್ಯಾಲೆ ಸರಕಾರ ಟ್ಯಾಕ್ಸ್ ತಗೊಂಡದ. ಅದರಾಗ ನಂದೂ ಒಂದು ತುತ್ತು ಇಲ್ಲೇನು?”

ಈ ಟ್ಯಾಕ್ಸಿನ ಮಾತು ಅತ್ತಿ ಆಡಿದ್ದೋ, ನನ್ನ ಪ್ರಬಂಧದ ಎರಡನೆಯ ಅರ್ಧದಿಂದ ಅವಳ ಬಾಯಿಗೆ ನಾನೇ ಹಾಕಿದ್ದೋ ಈಗ ಹೇಳಲಾರೆ. ಸರಕಾರಕ್ಕೆ ಮುಖವಿಲ್ಲ ಎಂಬ ಆ ಮಾರಿಯ ಮಾತು ಮಾತ್ರ ಅವಳದೇ. ಅಂಥದ್ದು ನನಗೆ ಹೊಳೆಯುತ್ತಿರಲಿಲ್ಲ.

ಕೊನೆಗೆ ಒಂದು ರಾಜಿ ಆಯಿತು. ಅಪ್ಪ ಅರ್ಜಿಗೆ ಅಡ್ಡ ಬರುವುದಿಲ್ಲ, ಸಹಾಯವನ್ನೂ ಮಾಡುವುದಿಲ್ಲ. ವಿಚಾರಣೆಗೆ ಯಾರಾದರೂ ಬಂದರೆ ತಾವು ಆ ದಿಕ್ಕಿಗೂ ಹೋಗುವುದಿಲ್ಲ. “ನನ್ನ ಲೆಕ್ಕಕ್ಕ ಹಿಡಿಯಬ್ಯಾಡ್ರಿ,” ಎಂದರು, ದೊಡ್ಡ ತ್ಯಾಗ ಮಾಡಿದವರಂತೆ. ವ್ಯಾಕರಣದ ಎರಡು ತಪ್ಪುಗಳನ್ನೂ ತಿದ್ದಿ ಕೊಟ್ಟರು.

ಅರ್ಜಿ ಕೊಟ್ಟ ಮೇಲೆ ತಲಾಠಿ, ಅಂದರೆ ಕಂದಾಯ ಕಚೇರಿಯ ಗ್ರಾಮಲೆಕ್ಕಿಗ, ಮನೆಗೆ ಬಂದು ವಿಚಾರಿಸಿ ವರದಿ ಬರೆಯುತ್ತಾನೆ ಎಂದು ಮಾವಶಿ ಹೇಳಿದಳು. ತನ್ನ ಅನುಭವದಿಂದ ಅವಳು ಅತ್ತಿಗೆ ತರಬೇತಿ ಕೊಡತೊಡಗಿದಳು. ಮೆಲ್ಲಗೆ ಮಾತಾಡಬೇಕು. ಹೊಸ ಸೀರೆ ಬೇಡ. ಯಾರೂ ಇಲ್ಲ ಎನ್ನಬೇಕು. ಮುಖ್ಯವಾಗಿ ಅಣ್ಣನ ಹೆಸರು ಎತ್ತಬಾರದು. ಸರಕಾರಿ ನೌಕರಿಯ ಅಣ್ಣ ಇದ್ದಾನೆಂದು ಗೊತ್ತಾದರೆ ಅಲ್ಲಿಗೆ ಮುಗಿಯಿತು. ನಾವೆಲ್ಲ ಇದನ್ನು ಒಪ್ಪಿದೆವು. ನಮ್ಮ ಕಡೆ ಗಂಡ ಸತ್ತ ಹೆಣ್ಣಿಗೆ ಅಣ್ಣನೇ ಆಧಾರ ಎಂಬುದು ಎಷ್ಟು ಸಹಜ ಎಂದರೆ, ನಿಯಮ ಏನಿದೆ ಎಂದು ಓದಿ ನೋಡಬೇಕೆಂದು ಅರ್ಥಶಾಸ್ತ್ರ ಓದುತ್ತಿದ್ದ ನನಗೂ ಹೊಳೆಯಲಿಲ್ಲ. ಅತ್ತಿಯ ಗೋಡೆಯ ಮೇಲೆ ಅಪ್ಪ ಕೋಟು ಹಾಕಿಕೊಂಡು ತೆಗೆಸಿದ ಫೋಟೋ ಇತ್ತು. ಅದನ್ನು ತಿರುವಿ ಗೋಡೆಗೆ ಮುಖ ಮಾಡಿ ಹಾಕಿದೆವು. ನೋಡಿದವರಿಗೆ ಅದು ಇನ್ನೂ ಹೆಚ್ಚು ಕಣ್ಣಿಗೆ ಬೀಳುತ್ತಿತ್ತು.

ತಲಾಠಿ ಬರುವ ದಿನದ ಸುದ್ದಿ ಬಂತು. ಅದು ರೊಟ್ಟಿ ಹಬ್ಬದ ದಿನ.

ನಾಗರ ಪಂಚಮಿಗೆ ಎರಡು ದಿನ ಮೊದಲು ನಮ್ಮ ಕಡೆ ರೊಟ್ಟಿ ಹಬ್ಬ. ಅಂದು ಮನೆಮನೆಯಲ್ಲೂ ರೊಟ್ಟಿ ಬಡಿದು, ಪಲ್ಯ, ಚಟ್ನಿ ಸಮೇತ ಓಣಿಯಲ್ಲೆಲ್ಲ ಹಂಚುತ್ತಾರೆ. ಬಡವರು, ಶ್ರೀಮಂತರು ಎಂದಿಲ್ಲ, ಎಲ್ಲರೂ ಎಲ್ಲರಿಗೂ ಕೊಡುತ್ತಾರೆ. ಅತ್ತಿ ಇದನ್ನು ಭೋಸರಿಯ ಚಾಳಿನಲ್ಲೂ ಬಿಟ್ಟಿರಲಿಲ್ಲ. ಆ ಓಣಿಯ ಮರಾಠಿಯವರೂ ಅಂದು ಬೆಳಿಗ್ಗೆ ಒಲೆ ಹೊತ್ತಿಸದೆ ಕಾಯುತ್ತಿದ್ದರು.

“ಈ ಸಲ ಬಿಡತ್ತಿ,” ಎಂದೆ ನಾನು. “ಬೇಡಾಕಿ ಹಂಚ್ಕೊಂತ ಕೂತ್ರ ಅವರೇನ್ ತಿಳ್ಕೊಂಡಾರು? ಮುಂದ ಹಾಕು.”

“ಹಬ್ಬ ಮುಂದ ಹಾಕಾಕ ಬರ್ತದೇನು? ನಿನ್ನ ತಲಾಠೀನ ಮುಂದ ಹಾಕು.”

ಆ ಬೆಳಿಗ್ಗೆ ಅವ್ವ, ನಾನು ಭೋಸರಿಗೆ ಹೋದೆವು. ಅಪ್ಪ ಹಲ್ಲಿನ ಡಾಕ್ಟರ ಬಳಿ ಹೋಗಬೇಕೆಂದು ರಜೆ ಹಾಕಿದ್ದರು. ಅತ್ತಿಯ ಬಾಗಿಲಲ್ಲಿ ತಟ್ಟೆಗಳು ಬಂದುಹೋಗುತ್ತಿದ್ದವು. ಅವಳ ಹಿಂದೆ ರೊಟ್ಟಿಯ ಎರಡು ಗುಡ್ಡೆ. ತಲಾಠಿ ಬಂದಾಗ ಅವರಿಗೆ ಕಾಲಿಡಲು ಜಾಗವಿರಲಿಲ್ಲ. ತಟ್ಟೆ ಹಿಡಿದ ಹೆಂಗಸರು ಅವರನ್ನೂ ಸಾಲಿನಲ್ಲಿ ನಿಲ್ಲಿಸಿದರು. ನಡುವಯಸ್ಸು ದಾಟಿದ, ಪುಣೆ ಜಿಲ್ಲೆಯ ಶಿರೂರು ಕಡೆಯ ಹಳ್ಳಿಯ ಮನುಷ್ಯ. ಹೆಗಲಿಗೆ ಚೀಲ, ಮುಖದಲ್ಲಿ ಬಸ್ಸಿನ ದಣಿವು. ಅವರ ಮಾತೆಲ್ಲ ಮರಾಠಿಯಲ್ಲಿತ್ತು, ಅವರಿಗೆ ಅತ್ತಿ ಕೊಟ್ಟ ಉತ್ತರವೂ. ನಾನಿಲ್ಲಿ ಕನ್ನಡದಲ್ಲಿ ಬರೆಯುವಾಗ ಅವರು ಇನ್ನಷ್ಟು ಒಳ್ಳೆಯವರಾಗಿ ಕಾಣುತ್ತಿದ್ದರೆ ಅದು ಅನುವಾದದ ತಪ್ಪು.

“ನಿರಾಧಾರಳೆಂದು ಅರ್ಜಿ ಹಾಕಿದವರು ಯಾರು?”

“ನಾನ್ರಿ,” ಎಂದಳು ಅತ್ತಿ, ಒಬ್ಬ ಹೆಂಗಸಿನ ತಟ್ಟೆಗೆ ರೊಟ್ಟಿ ಹಾಕುತ್ತ. “ಬರ್ರಿ, ಕೂಡ್ರಿ. ಮೊದಲ ಊಟ.”

“ಊಟ ಬೇಡ. ಚೌಕಶಿ ಮಾಡಬೇಕು.”

“ಹಬ್ಬದ ದಿನಾ ಉಪವಾಸ ಚೌಕಶಿ ಮಾಡ್ತಾರೇನು?”

ಅವರು ಮಂಚದ ಅಂಚಿಗೆ ಕೂತರು. ತಟ್ಟೆ ಬಂತು. ಮಾವಶಿ ಬಾಗಿಲ ಬಳಿ ನಿಂತು ಕಣ್ಣಲ್ಲೇ ಅತ್ತಿಯನ್ನು ಗದರಿಸುತ್ತಿದ್ದಳು. ಗಂಡ? ಇಲ್ಲ. ಮಕ್ಕಳು? ಇಲ್ಲ. ಹೊಲ, ಮನೆ? ಇಲ್ಲ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಅತ್ತಿ ಬಾಗಿಲಾಚೆ ನೋಡಿದಳು.

ಓಣಿಯ ಎದುರಿಗೆ ಒಂದು ಚಹಾದ ಟಪರಿ. ಅದರ ತಗಡಿನ ಕೆಳಗೆ, ಗ್ಲಾಸು ಹಿಡಿದು, ಪೂರ್ತಿ ತೆರೆದ ಕೊಡೆಯ ಹಿಂದೆ ಯಾರೋ ಅಡಗಿ ನಿಂತಿದ್ದರು. ಅಂದು ಜಿಟಿಜಿಟಿ ಮಳೆ ಇತ್ತೆಂದು ನನ್ನ ನೆನಪು. ಸುಡುಬಿಸಿಲು ಇತ್ತು ಎನ್ನುತ್ತಾಳೆ ಅವ್ವ. ಈ ಜಗಳ ಬಗೆಹರಿಯುವಂತಿಲ್ಲ, ಯಾಕೆಂದರೆ ಆ ಕೊಡೆ ಎರಡರಲ್ಲೂ ತೆರೆದೇ ಇರುತ್ತಿತ್ತು. ಭೋಸರಿಯಲ್ಲಿ ಅಂಥ ಕೊಡೆ ಒಂದೇ.

ಅತ್ತಿಗೆ ಎಲ್ಲ ತರಬೇತಿ ಮರೆತುಹೋಯಿತು. “ಯಣ್ಣಾ!” ಎಂದು ಇಡೀ ಚಾಳಿಗೆ ಕೇಳುವಂತೆ ಕೂಗಿದಳು. “ಹಬ್ಬದ ದಿನಾ ತಂಗಿ ಮನಿ ಮುಂದ ನಿಂತು ಟಪರಿ ಚಹಾ ಕುಡೀತೀ? ನಾಚಿಕಿ ಬರೂದಿಲ್ಲೇನು? ಬಾ ಒಳಗ!”

ಅಪ್ಪ ಬಂದರು. ಬಾಗಿಲಲ್ಲಿ ಕೊಡೆ ಸಿಕ್ಕಿಕೊಂಡಿತು. ಒಳಗೂ ಬರಲಾರದೆ, ಹೊರಗೂ ಹೋಗಲಾರದೆ, ಅವರು ತಲಾಠಿಯ ಕಡೆ ನೋಡಿ ಕಚೇರಿಯ ನಗೆ ನಕ್ಕರು.

“ಇವರು ಯಾರು?” ಎಂದರು ತಲಾಠಿ.

ಮಾವಶಿ ಕಣ್ಣು ಮುಚ್ಚಿಕೊಂಡಳು. ನೆರೆಯವನು ಎಂದು ಹೇಳಲಿ, ಗಿರಾಕಿ ಎಂದು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅತ್ತಿ ಅಪ್ಪನ ಮುಖ ನೋಡಿದಳು. “ನಮ್ಮಣ್ಣ,” ಎಂದಳು. ಹೇಳಿ, ಇನ್ನು ಮುಗಿಯಿತೆಂಬಂತೆ, ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡಳು.

“ಅಣ್ಣನೇ?” ತಲಾಠಿ ರೊಟ್ಟಿ ಮುರಿದರು. “ಇರಲಿ ಬಿಡಿ. ಮಗ ಇದ್ದಾನೆಯೇ ಎಂದು ನಾವು ಕೇಳುತ್ತೇವೆ. ಅಣ್ಣ ಲೆಕ್ಕಕ್ಕೆ ಬರುವುದಿಲ್ಲ.”

ಖೋಲಿಯಲ್ಲಿದ್ದ ಎಲ್ಲರ ಉಸಿರೂ ಒಟ್ಟಿಗೆ ಹೊರಬಿತ್ತು, ಒಬ್ಬರದನ್ನು ಬಿಟ್ಟು.

“ಲೆಕ್ಕಕ್ಕೆ ಬರುವುದಿಲ್ಲ ಎಂದರೆ?” ಅಪ್ಪ ತಮ್ಮ ಕಚೇರಿಯ ಮರಾಠಿಗೆ ಇಳಿದರು. “ನಾನು ಇವಳ ಹಿರಿಯಣ್ಣ. ಇವಳ ಮದುವೆ ಮಾಡಿದವನು ನಾನು. ನಾನೂ ಸರಕಾರಿ ನೌಕರ. ಯಾವ ನಿಯಮದ ಪ್ರಕಾರ ನಾನು ಲೆಕ್ಕಕ್ಕೆ ಬರುವುದಿಲ್ಲ?”

“ರೀ,” ಎಂದಳು ಅವ್ವ. “ಸುಮ್ನಿರ್ರಿ. ನಿಮ್ಮನ್ನ ಲೆಕ್ಕಕ್ಕ ಹಿಡಿಯಬ್ಯಾಡ್ರಿ ಅಂತ ನೀವೇ ಹೇಳಿದ್ರಿ.”

“ಅದು ನಾ ಹೇಳೂದು ಬ್ಯಾರೆ, ಸರಕಾರ ಹೇಳೂದು ಬ್ಯಾರೆ!”

ತಲಾಠಿ ತಾಳ್ಮೆಯಿಂದ ಕೇಳಿದರು. “ಸಾಹೇಬರೇ, ಇವರನ್ನು ನೀವು ಸಾಕುತ್ತೀರಾ? ಹೌದೆಂದರೆ ಹಾಗೇ ಬರೆಯುತ್ತೇನೆ.”

ಅಪ್ಪ ಅತ್ತಿಯ ಕಡೆ ತಿರುಗಿದರು. ಎಲ್ಲ ಅವರ ಒಂದು ಮಾತಿನ ಮೇಲೆ ನಿಂತಿತ್ತು. ಹೌದು ಎಂದರೆ ಅವರ ಮಾನ ಉಳಿಯುತ್ತಿತ್ತು, ಅತ್ತಿಯ ಖೋಲಿ ಹೋಗುತ್ತಿತ್ತು.

“ಕೊಟ್ಟರೆ ತಗೊಳ್ಳಬೇಕಲ್ಲ,” ಎಂದರು ಕೊನೆಗೆ, ಸಣ್ಣ ದನಿಯಲ್ಲಿ. “ತಗೊಳ್ಳುವುದಿಲ್ಲ ಅವಳು.”

ತಲಾಠಿ ತಲೆಯಾಡಿಸಿ ಅತ್ತಿಯ ಕಡೆ ನೋಡಿದರು. ಇಷ್ಟು ರೊಟ್ಟಿ ಮಾಡಿದ್ದು ಯಾರು? ನಾನು. ಮಾರುತ್ತೀರಾ? ಇವತ್ತು ಮಾರುವುದಿಲ್ಲ. ಬೇರೆ ದಿನ? ಮಾರುತ್ತೇನೆ. ಕೈಯಲ್ಲಿ ಆಗುತ್ತದೆಯೇ ಇನ್ನೂ? ಇದಕ್ಕೆ ಯಾರೂ ಅವಳನ್ನು ಸಜ್ಜು ಮಾಡಿರಲಿಲ್ಲ. ಅಣ್ಣನನ್ನು ಅಡಗಿಸುವುದರಲ್ಲೇ ನಮ್ಮ ಬುದ್ಧಿಯೆಲ್ಲ ಖರ್ಚಾಗಿತ್ತು.

“ಯಾಕಾಗೂದಿಲ್ಲ?” ಎಂದಳು ಅತ್ತಿ, ಬೆನ್ನು ನೆಟ್ಟಗೆ ಮಾಡಿ. “ಏನಾಗೇದ ನನಗ?”

ಮಾವಶಿ ಹಣೆ ಚಚ್ಚಿಕೊಂಡಳು. ತಲಾಠಿ ಪೆನ್ನಿನ ಮುಚ್ಚಳ ಹಾಕಿದರು. ಅಕ್ಕಾ, ಕೈ ನಡೆಯುತ್ತದೆ, ದುಡಿಮೆ ಇದೆ ಎಂದರೆ ನಾನು ಅದನ್ನೇ ಬರೆಯಬೇಕಾಗುತ್ತದೆ, ಎಂದರು. ಅವರಿಗೂ ಅದು ಇಷ್ಟವಿದ್ದಂತಿರಲಿಲ್ಲ. ತಟ್ಟೆ ಅವರ ತೊಡೆಯ ಮೇಲೆಯೇ ಇತ್ತು.

ಆಗ ಬಾಗಿಲಿನಿಂದ ಅಪ್ಪನ ದನಿ ಬಂತು. “ಅವಳ ರೊಟ್ಟಿ ದಪ್ಪ ಆಗಿವೆ.”

ಮರಾಠಿಯಲ್ಲೇ ಹೇಳಿದರು. ಅತ್ತಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಕೆನ್ನೆಗೆ ಹೊಡೆದಿದ್ದರೂ ಅವಳ ಮುಖ ಹಾಗಾಗುತ್ತಿರಲಿಲ್ಲ.

“ಏನಂದಿ?”

“ಯುಗಾದಿಯಿಂದ ದಪ್ಪ ಆಗ್ಯಾವ. ಡಬ್ಯಾಗ ಮೊದಲಿನಷ್ಟು ಹಿಡಿಯೂದಿಲ್ಲ. ಕೈ ಏಳೂದಿಲ್ಲ ನಿಂದು. ನನಗ ಗೊತ್ತಿಲ್ಲೇನು?”

“ದಪ್ಪ? ಇದು?” ತಲಾಠಿ ತಮ್ಮ ತಟ್ಟೆಯ ರೊಟ್ಟಿಯನ್ನು ಎತ್ತಿ ನೋಡಿದರು. “ನಮ್ಮ ಮನೆಯ ಭಾಕರಿ ಇದರ ಎರಡರಷ್ಟಿದೆ. ನನ್ನ ಹೆಂಡತಿ ಇದನ್ನು ನೋಡಿದರೆ ಹಪ್ಪಳ ಎನ್ನುತ್ತ—”

“ದಪ್ಪ ಅಂತ!” ಅತ್ತಿ ಅವರ ಮಾತು ಮುಗಿಯಲು ಬಿಡಲಿಲ್ಲ. ನಮಗೆಲ್ಲ ಬೆನ್ನು ತಿರುಗಿಸಿ, ಎಡಗೈಯಿಂದ ಗೋಡೆಯ ಮಾಡದಲ್ಲಿದ್ದ ತಗಡಿನ ಡಬ್ಬಿ ಇಳಿಸಿದಳು. ಮಳೆಗಾಲಕ್ಕೆಂದು ಒಣಗಿಸಿ ಇಟ್ಟ ಕಟಕ ರೊಟ್ಟಿ ಅದರಲ್ಲಿತ್ತು. ಹಳೆಯವು, ಅವಳ ಕೈ ಚೆನ್ನಾಗಿದ್ದಾಗಿನವು. ಅದರಲ್ಲಿ ಒಂದನ್ನು ತೆಗೆದು ತಲಾಠಿಯ ಮೂಗಿನ ಮುಂದೆ ಹಿಡಿದಳು. “ನೋಡ್ರಿ! ನನ್ನ ರೊಟ್ಟಿ ಅಂದ್ರ ಇದು! ನೋಡಿ ಹೇಳ್ರಿ!”

ತಲಾಠಿ ಒಂದು ಕೈಯಲ್ಲಿ ಹಳೆಯದನ್ನೂ ಇನ್ನೊಂದು ಕೈಯಲ್ಲಿ ಅಂದಿನದನ್ನೂ ಹಿಡಿದು ಬಾಗಿಲಿನ ಬೆಳಕಿಗೆ ಎತ್ತಿದರು. ಅಪ್ಪ ತಮ್ಮ ಕೊಡೆಯ ಸಮೇತ ಸ್ವಲ್ಪ ಸರಿದು ಬೆಳಕು ಬಿಟ್ಟುಕೊಟ್ಟರು. ಹಳೆಯ ರೊಟ್ಟಿಯಲ್ಲಿ ಎದುರಿನ ಟಪರಿಯ ಹೊಳಪು ಹಾದು ಬರುತ್ತಿತ್ತು. ಹೊಸದು ಕಪ್ಪಗೆ ನಿಂತಿತ್ತು. ಶಿರೂರಿನವರಿಗೂ ಅದು ಕಂಡಿತು. ಅತ್ತಿಗೂ ಕಂಡಿತು; ಎರಡನ್ನು ಪಕ್ಕದಲ್ಲಿ ಇಟ್ಟು ಅವಳು ಅದುವರೆಗೆ ನೋಡಿರಲಿಲ್ಲವೆಂದು ತೋರುತ್ತದೆ.

ಅವಳು ಕೆಳಗೆ ಕೂತಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. “ಏಳೂದಿಲ್ರಿ,” ಎಂದಳು. “ಭುಜದ ಮ್ಯಾಲೆ ಏಳೂದಿಲ್ಲ. ಇವನ್ನ ಮೂರು ದಿನದಿಂದ ಬಡದೀನಿ.”

ತಲಾಠಿ ಪೆನ್ನಿನ ಮುಚ್ಚಳ ತೆಗೆದರು. ಏನೋ ಬರೆದರು. ಬರೆದು ಮುಗಿಸಿ, ಚೀಲ ಹೆಗಲಿಗೇರಿಸಿ, ಇನ್ನೊಂದು ರೊಟ್ಟಿ ಕಟ್ಟಿಕೊಡಿ ಎಂದು ಕೇಳಿದರು. ಯಾವುದು ಎಂದು ಅವ್ವ ಕೇಳಿದಳು. “ಇವತ್ತಿನದು,” ಎಂದರು. “ನಮ್ಮ ಮನೆಯವರಿಗೆ ಅದೇ ತೆಳ್ಳಗಾಗುತ್ತದೆ.”

ಅತ್ತಿ ಅಂದು ಅಪ್ಪನ ಜೊತೆ ಮತ್ತೆ ಮಾತಾಡಲಿಲ್ಲ. ಅವರ ತಟ್ಟೆಗೆ ರೊಟ್ಟಿ ಹಾಕಿದಳು, ನೀರು ಕೊಟ್ಟಳು, ಮಾತು ಮಾತ್ರ ಇಲ್ಲ. ಅಪ್ಪ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೊಡೆ ತೆರೆದೇ ಕೂತಿದ್ದರು, ಅಕ್ಕಪಕ್ಕದವರಿಂದ ಬೈಸಿಕೊಳ್ಳುತ್ತ. “ಪಂಚಮಿಗೆ ಬರೂದಿಲ್ಲ ಅಕಿ,” ಎಂದರು ಇಳಿಯುವಾಗ. ಪ್ರತಿ ಪಂಚಮಿಗೂ ಅತ್ತಿ ತವರು ಎಂದು ನಮ್ಮ ಮನೆಗೇ ಬಂದು ನಾಗಪ್ಪನಿಗೆ ಹಾಲೆರೆಯುತ್ತಿದ್ದಳು. “ಅಕಿನ್ನ ನಿರಾಧಾರ ಅನ್ನೂದಕ್ಕ ನಾ ಒಪ್ಪಲಿಲ್ಲ. ಅಕಿ ರೊಟ್ಟೀನ ದಪ್ಪ ಅಂದೆ.”

“ಖರೇನ ಅಂದ್ರಿ,” ಎಂದಳು ಅವ್ವ.

“ಖರೆ ಅದ ಅಂತ ಮಂದಿ ಮುಂದ ಅನ್ನೂದೇನು?”

ಪಂಚಮಿಯ ಬೆಳಿಗ್ಗೆ ಅವರು ವರಾಂಡ ಬಿಟ್ಟು ಅಲುಗಲಿಲ್ಲ. ಹೊತ್ತು ಏರಿದ ಮೇಲೆ ಅತ್ತಿ ಬಂದಳು. ಅಪ್ಪನನ್ನು ದಾಟಿ ಒಳಗೆ ಹೋಗಿ, ಅವ್ವ ಇಟ್ಟಿದ್ದ ಮಣ್ಣಿನ ನಾಗಪ್ಪನ ಮುಂದೆ ಕೂತು, ಕೊಬ್ಬರಿ ಬಟ್ಟಲಿನಿಂದ ಹಾಲು ಎರೆಯತೊಡಗಿದಳು. ನಮ್ಮ ಕಡೆ ಎರೆಯುವಾಗ ನಮ್ಮವರೆಲ್ಲರ ಪಾಲನ್ನೂ ಹೇಳಬೇಕು. “ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು.” ಹೆತ್ತವರ ಮುಂದಿನದು ಅಣ್ಣನದು. ಅಪ್ಪ ಬಾಗಿಲಿಗೆ ಬಂದು ನಿಂತರು. “ವೈನಿ ಪಾಲು,” ಎಂದಳು ಅತ್ತಿ. “ಈ ಹುಡುಗಿ ಪಾಲು. ಮಾವಶಿ ಪಾಲು. ಆ ತಲಾಠಿ ಪಾಲು.”

ಬಟ್ಟಲನ್ನು ಮತ್ತೆ ತುಂಬಿಕೊಂಡು ಎರೆಯುವುದನ್ನು ನಿಲ್ಲಿಸಿದಳು.

“ನಂದು?” ಎಂದರು ಅಪ್ಪ.

“ನೀ ಲೆಕ್ಕಕ್ಕ ಬರೂದಿಲ್ಲಂತಲ್ಲ.”

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅತ್ತಿ ಅಪ್ಪನ ಕಡೆ ನೋಡದೆಯೇ, ಬಟ್ಟಲಿನ ಹಾಲನ್ನು ಒಂದೇ ಸಲ ಪೂರ್ತಿ ಸುರಿದಳು. “ಅಣ್ಣನ ಪಾಲು,” ಎಂದಳು. “ದಪ್ಪ ಧಾರಿ ಆತೇನು ನೋಡು.”

ಪೆನ್ಷನ್ ಮಂಜೂರಾಗಿ ಕೈಗೆ ಬರಲು ಇನ್ನೂ ಬಹಳ ಓಡಾಟ ಬೇಕಾಯಿತು. ಬಂತು. ಅದರಿಂದ ಅವಳು ರಾಣಿಯಾಗಲಿಲ್ಲ, ಖೋಲಿ ಮಾತ್ರ ಉಳಿಯಿತು. ಆಮೇಲೆ ಅವಳು ಕೆಲವೇ ಡಬ್ಬಿಗಳಿಗೆ ರೊಟ್ಟಿ ಮಾಡುತ್ತಿದ್ದಳು, ದಪ್ಪದ್ದೇ; ತೆಳ್ಳಗಿನದು ಬೇಕಾದವರು ಊರಿಗೆ ಹೋಗಲಿ ಎನ್ನುತ್ತಿದ್ದಳು. ನನ್ನ ಪ್ರಬಂಧಕ್ಕೆ ಮುಕ್ತಾಯ ಕೊನೆಗೂ ಸಿಗಲಿಲ್ಲ. ‘ಹೆಚ್ಚಿನ ಅಧ್ಯಯನ ಅಗತ್ಯ’ ಎಂದು ಬರೆದು ಕೊಟ್ಟು ಪಾಸಾದೆ.

ಎರಡು ಸಾವಿರದ ಇಸವಿಯ ನಂತರ ಅಪ್ಪ ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು ಪುಣೆಯ ಕೊಂಢವಾ ಬಡಾವಣೆಯ ಒಂದು ಸಣ್ಣ ಫ್ಲ್ಯಾಟಿಗೆ ಬಂದೆವು. ಅಲ್ಲಿಯ ನಲ್ಲಿ ತೊಟ್ಟಿಕ್ಕಿದಾಗ ಅವರು ಮೊದಲ ಸಲ ವಾಷರ್ ಬದಲಿಸಿದರು, ಅಡುಗೆಮನೆಯೆಲ್ಲ ನೀರಾಯಿತು. ಅವರಿಗೂ ಪೆನ್ಷನ್ ಬರತೊಡಗಿತು. ಅದು ತಾವು ದುಡಿದದ್ದು ಎನ್ನುತ್ತಿದ್ದರು. ಯಾರೂ ಇಲ್ಲವೆನ್ನದಿದ್ದರೂ ಎನ್ನುತ್ತಿದ್ದರು.

ಪೆನ್ಷನ್ ಪಡೆಯುವವರು ವರ್ಷಕ್ಕೊಮ್ಮೆ, ನಾವಿನ್ನೂ ಬದುಕಿದ್ದೇವೆ ಎಂದು ಖುದ್ದಾಗಿ ಹೋಗಿ ಸಹಿ ಮಾಡಿ ಬರಬೇಕು. ಅಪ್ಪನದು ಬ್ಯಾಂಕಿನಲ್ಲಿ, ಅತ್ತಿಯದು ತಹಶೀಲ್ದಾರ ಕಚೇರಿಯಲ್ಲಿ. ನವೆಂಬರ್ ಬಂದರೆ ಭೋಸರಿಯಿಂದ ಅವಳ ಫೋನು ಬರುತ್ತಿತ್ತು. “ಏಳಣ್ಣಾ. ಸತ್ತಿಲ್ಲ ಅಂತ ಹೇಳಿ ಬರೂಣು ನಡಿ.”

ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಒಂದು ವರ್ಷ ನಾನೂ ಜೊತೆಗಿದ್ದೆ. ಬ್ಯಾಂಕಿನ ಗುಮಾಸ್ತ ತಲೆ ಎತ್ತದೆ ಸಹಿಯ ಜಾಗ ತೋರಿಸಿ, ಮುದ್ರೆ ಒತ್ತಿ, ಮುಂದಿನವರನ್ನು ಕರೆದ. ಅಪ್ಪ ಕದಲಲಿಲ್ಲ. “ನನ್ನ ಕಡೆ ನೋಡದೆ ನಾನು ಬದುಕಿದ್ದೇನೆಂದು ಹೇಗೆ ಬರೆದಿರಿ?” ಎಂದು ಕೇಳಿದರು.

ಅತ್ತಿ ಅವರ ಅಂಗಿಯ ತೋಳು ಹಿಡಿದು ಎಳೆದಳು. “ಸರಕಾರಕ್ಕ ಮಾರಿ ಇಲ್ಲ ಅಂತ ನಾ ಅವತ್ತ ಹೇಳಿದ್ನಲ್ಲ. ನಮ್ಮ ಮಾರಿ ತಗೊಂಡೇನ್ ಮಾಡ್ತದ? ನಡಿ, ಚಹಾ ಕುಡಿಯೂಣು.”

ಎದುರಿನ ಟಪರಿಯಲ್ಲಿ ಚಹಾ ಕುಡಿದರು. ಅದರ ದುಡ್ಡು ಅತ್ತಿ ಕೊಟ್ಟಳು. ಪ್ರತಿ ವರ್ಷವೂ ಅವಳೇ ಕೊಡುವುದಂತೆ. ಅಪ್ಪ ಕಿಸೆಗೆ ಕೈ ಹಾಕುವುದನ್ನು ನಾನು ಕಾದೆ. ಹಾಕಲಿಲ್ಲ. ಸಕ್ಕರೆ ಸ್ವಲ್ಪ ಕಡಿಮೆಯಾಗಿದೆ ಎಂದು ತಂಗಿಗೆ ಹೇಳಿ, ಸುಮ್ಮನೆ ಕುಡಿದರು.